ದೆವ್ವದ ಸಿನಿಮಾಕ್ಕೆ ಸ್ನಾನದ ಸೀನು ಬೇಕೇ ಬೇಕಾ?

ಸಪ್ತಾಪುರದ ಕ್ಯಾಮೆರಾ:

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನಾವು ಗೆಳೆಯರು ಸೇರಿ ಒಂದು ಹಾರರ್ ಕಿರುಚಿತ್ರ ಮಾಡುತ್ತಿದ್ದೇವೆ. ಕತೆ ಇಷ್ಟೇ. ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳು ಹಳೇ ಮನೆ ಖಾಲಿ ಮಾಡಲು ಬರುತ್ತಾಳೆ. ರಾತ್ರಿ ಒಬ್ಬಳೇ ಉಳಿಯುತ್ತಾಳೆ.

ಸ್ಕ್ರಿಪ್ಟ್ ಮುಗಿದಿದೆ. ಆದರೆ ದುಡ್ಡು ಹಾಕುತ್ತಿರುವ ಗೆಳೆಯ ಒಂದೇ ಪಟ್ಟು ಹಿಡಿದಿದ್ದಾನೆ. ಸ್ನಾನದ ಸೀನು ಇರಲೇಬೇಕಂತೆ, ಬರೀ ಬೆನ್ನಾದರೂ ಕಾಣಬೇಕಂತೆ. "ಹಾರರ್ ಅಂದ್ರೆ ಅದೇ ಅಲ್ವಾ, ಹಾಲಿವುಡ್‌ನವರೂ ಮಾಡ್ತಾರೆ" ಅನ್ನುತ್ತಾನೆ. ಥಂಬ್‌ನೇಲ್‌ಗೂ ಅದೇ ಬೇಕಂತೆ. ನಟಿಸುವ ಹುಡುಗಿಗೆ ಇನ್ನೂ ಯಾರೂ ಹೇಳಿಲ್ಲ.

ಸರಿ ತಪ್ಪಿನ ಮಾತು ಆಮೇಲೆ. ನನಗೆ ಕಸುಬಿನ ಪ್ರಶ್ನೆ ಇದೆ. ಬೆತ್ತಲೆ ತೋರಿಸಿದರೆ ನೋಡುವವರಿಗೆ ಹೆದರಿಕೆ ಜಾಸ್ತಿ ಆಗುತ್ತಾ, ಕಡಿಮೆ ಆಗುತ್ತಾ? ನೋಡಿ ಗೊತ್ತಿರುವವರು ಹೇಳಿ.

ಸೆಕೆಂಡ್ ಶೋ:

ನಿಮ್ಮ ಗೆಳೆಯ ಹೇಳಿದ್ದರಲ್ಲಿ ತಪ್ಪೇನಿಲ್ಲ. ಕಿರುಚಿತ್ರಗಳು ಯೂಟ್ಯೂಬ್‌ನಲ್ಲಿ ರಾಶಿ ಬಿದ್ದಿವೆ. ಜನ ಕ್ಲಿಕ್ ಮಾಡಿದ ಮೇಲೆ ತಾನೇ ಹೆದರೋದು? ಮೊದಲು ಒಳಗೆ ಕರೀರಿ.

ನವನಗರ ಎಡಿಟಿಂಗ್:

ಒಂದು ಕಾನೂನಿನ ಮಾತು ಹೇಳಿ ಹೋಗುತ್ತೇನೆ. ಟಾಕೀಸಿನಲ್ಲಿ ಜನರಿಗೆ ತೋರಿಸುವುದಾದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸರ್ಟಿಫಿಕೇಟ್ ಬೇಕು. 2023ರ ತಿದ್ದುಪಡಿಯಲ್ಲಿ ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದದ್ದು) ಅನ್ನೋದನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಬರೀ ಯೂಟ್ಯೂಬ್‌ಗೆ ಅಂದರೆ ಸರ್ಟಿಫಿಕೇಟ್ ಬೇಡ. ಆದರೆ ಅವರದೂ ನಿಯಮ ಇದೆ. ವಯಸ್ಸಿನ ನಿರ್ಬಂಧ ಬಿದ್ದರೆ ಲಾಗಿನ್ ಇಲ್ಲದವರಿಗೆ ಕಾಣೋದೇ ಇಲ್ಲ. ಸೆಕೆಂಡ್ ಶೋ ಸಾಹೇಬರ ಕ್ಲಿಕ್ ಲೆಕ್ಕ ಅಲ್ಲೇ ಮುಗಿಯಿತು.

ಹಳೇ ಆಪರೇಟರ್:

ತಮ್ಮಾ, ನಾನು ಹುಬ್ಬಳ್ಳಿಯ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ಹೆಸರು ಬೇಡ. ಕಾರ್ಬನ್ ಕಡ್ಡಿ ಉರಿಸಿ ಸಿನಿಮಾ ತೋರಿಸುತ್ತಿದ್ದ ಕಾಲ ಅದು. ಒಂದೇ ಸಿನಿಮಾವನ್ನು ದಿನಾ ಎಷ್ಟು ಸಲ ಅಂತ ನೋಡೋದು? ಫೋಕಸ್ ಸರಿ ಇದೆಯಾ, ರೀಲು ಬದಲಿಸುವ ಹೊತ್ತಾಯಿತಾ, ಅಷ್ಟೇ. ಉಳಿದ ಹೊತ್ತು ಕಿಂಡಿಯಿಂದ ಜನರನ್ನು ನೋಡುತ್ತಿದ್ದೆ. ನಿನ್ನ ಪ್ರಶ್ನೆಗೆ ಉತ್ತರ ಪರದೆ ಮೇಲೆ ಸಿಗೋದಿಲ್ಲ, ಮುಂದಿನ ಅಗ್ಗದ ಸೀಟಿನ ಗಾಂಧಿ ಕ್ಲಾಸಿನಲ್ಲಿ ಸಿಗುತ್ತದೆ.

ಹಿಂದಿಯಲ್ಲಿ ದೆವ್ವದ ಸಿನಿಮಾ ಮಾಡುತ್ತಿದ್ದ ರಾಮ್ಸೆ ಸಹೋದರರ ಸಿನಿಮಾ ಬಂದರೆ ಗಾಂಧಿ ಕ್ಲಾಸು ತುಂಬುತ್ತಿತ್ತು. 1984ರ 'ಪುರಾನಾ ಮಂದಿರ್', 1988ರ 'ವೀರಾನಾ'. ಅವರ ಸಿನಿಮಾ ಅಂದರೆ ಪಾಳು ಹವೇಲಿ, ಹೊಗೆ, ಒಂದು ಸ್ನಾನ. ಬೆತ್ತಲೆ ಏನೂ ಇಲ್ಲ, ಒದ್ದೆ ಬಟ್ಟೆ ಅಷ್ಟೇ. ಸೆನ್ಸಾರ್‌ನವರು ಬಿಟ್ಟಿದ್ದೇ ಅಷ್ಟು. ಆ ಸೀನಿಗೆ ಸೀಟಿ ಬೀಳುತ್ತಿತ್ತು, ಆಮೇಲೆ ದೆವ್ವಕ್ಕೆ ಕಿರುಚಾಟವೂ ಇರುತ್ತಿತ್ತು. ಹೇಗೋ ನಡೆಯುತ್ತಿತ್ತು.

ಕೆಲವು ಟಾಕೀಸುಗಳಿಗೆ ಅದು ಸಾಲಲಿಲ್ಲ. 'ಬಿಟ್' ಸೇರಿಸುತ್ತಿದ್ದರು. ಎಲ್ಲಿಂದಲೋ ತಂದ ಬೇರೆ ಯಾವುದೋ ಸಿನಿಮಾದ ತುಂಡು, ನಡುವೆ ಅಂಟಿಸೋದು. ಹೆಂಗಸು ಬೇರೆ, ಬಣ್ಣ ಬೇರೆ, ಊರೇ ಬೇರೆ. ಕಾನೂನಿಗೆ ವಿರುದ್ಧ ಅಂತ ಎಲ್ಲರಿಗೂ ಗೊತ್ತಿತ್ತು. ಬಿಟ್ ಬಂದಾಗ ಹಾಲ್ ಪಿನ್ ಬಿದ್ದರೂ ಕೇಳುವಷ್ಟು ಗಪ್. ಮುಗಿದ ಕೂಡಲೇ ಗದ್ದಲ. ಆಮೇಲೆ ಪಾಪ ದೆವ್ವ ಬರುತ್ತಿತ್ತು. ಹಲ್ಲು, ಉಗುರು, ಗುಡುಗು ಎಲ್ಲಾ ತಗೊಂಡು. ಮುಂದಿನ ಸಾಲಿನವರು "ಏ, ನೀ ಪಕ್ಕಕ್ಕ ಸರೀಲೇ, ಆಕೀನ್ನ ಕಳಸು" ಅಂತ ಕೂಗುತ್ತಿದ್ದರು. ಆ ರೀಲು ಮುಗಿಯುವವರೆಗೂ ಒಬ್ಬನೂ ಹೆದರುತ್ತಿರಲಿಲ್ಲ.

ನಾನು ಇದರ ಬಗ್ಗೆ ಬಹಳ ಯೋಚನೆ ಮಾಡಿದ್ದೇನೆ, ಕಿಂಡಿ ಹತ್ತಿರ ಬೇರೆ ಕೆಲಸ ಏನಿತ್ತು. ಹೆದರಬೇಕಾದರೆ ನೋಡುವವನು ಆ ಹುಡುಗಿಯ ಜಾಗದಲ್ಲಿ ಇರಬೇಕು. ಅವಳ ಬೆನ್ನ ಹಿಂದೆ ಸದ್ದಾದರೆ ಇವನ ಬೆನ್ನು ಜುಮ್ ಅನ್ನಬೇಕು. ಕ್ಯಾಮೆರಾ ಅವಳ ಮೈ ಮೇಲೆ ಆಸೆಯಿಂದ ಓಡಾಡಿತು ಅಂದರೆ ಇವನು ಆ ಜಾಗ ಬಿಟ್ಟು ಕಿಟಕಿ ಆಚೆ ಹೋಗಿ ಇಣುಕುತ್ತಾನೆ. ದೆವ್ವವೂ ಅಲ್ಲೇ ನಿಂತಿರುತ್ತದೆ. ಇಬ್ಬರೂ ಒಂದೇ ಪಾರ್ಟಿ. ಇನ್ನು ಯಾರಿಗೆ ಯಾರ ಹೆದರಿಕೆ?

'ಸೈಕೋ' ನೋಡಿದ್ದೀಯಾ? 1960ರದ್ದು, ಹಿಚ್‌ಕಾಕ್‌ದು. ನಿನ್ನ ಗೆಳೆಯ ಹಾಲಿವುಡ್ ಅನ್ನುತ್ತಾನಲ್ಲ, ಆ ಶವರ್ ಸೀನನ್ನು ತೋರಿಸು. ತೆರೆ ಮೇಲೆ ಕೆಲವೇ ನಿಮಿಷ, ತೆಗೆಯಲು ಒಂದು ವಾರ ಹಿಡಿಯಿತು. ಕಪ್ಪು ಬಿಳುಪು. ರಕ್ತ ಅಂತ ಹರಿದದ್ದು ಚಾಕೊಲೇಟ್ ಸಿರಪ್. ಆ ಸೀನಿನ ನಟಿ ಜಾನೆಟ್ ಲೀ ಬದಲು ಕೆಲವು ಶಾಟ್‌ಗಳಿಗೆ ಬೇರೆ ಹುಡುಗಿಯನ್ನು ನಿಲ್ಲಿಸಿದ್ದರು. ಚೂರು ಚೂರು ಶಾಟ್ ಜೋಡಿಸಿದ್ದಾರೆ. ನೋಡಿದವರು ಏನೋ ಬಹಳ ಕಂಡಂತೆ ಮಾತಾಡುತ್ತಾರೆ, ತೋರಿಸಿದ್ದು ಬಹಳ ಕಡಿಮೆ. ಅಲ್ಲಿ ನಾವು ಅವಳ ಜೊತೆ ನೀರಿನ ಕೆಳಗೇ ಇರುತ್ತೇವೆ. ಅವಳಿಗೆ ನೀರಿನ ಸದ್ದು ಬಿಟ್ಟು ಬೇರೆ ಕೇಳಿಸದು. ಪರದೆ ಹಿಂದಿನ ನೆರಳು ನಮಗೆ ಕಾಣುತ್ತದೆ, ಅವಳಿಗೆ ಕಾಣೋದಿಲ್ಲ. ಮೈ ಮೇಲೆ ಬಟ್ಟೆ ಇಲ್ಲ ಅನ್ನೋದು ಅಲ್ಲಿ ಬೇಕೇ ಬೇಕು, ಯಾಕೆಂದರೆ ಹೊರಗೆ ಓಡೋಕೂ ಆಗೋದಿಲ್ಲ.

ಹಾಗಂತ ಬೆತ್ತಲೆ ತೋರಿಸಲೇಬಾರದು ಅಂತ ನಾನು ಹೇಳೋದಿಲ್ಲ. 1980ರ 'ದಿ ಶೈನಿಂಗ್'ನಲ್ಲಿ 237ನೇ ನಂಬರ್ ರೂಮು ಇದೆ. ಸ್ನಾನದ ತೊಟ್ಟಿಯಿಂದ ಹೆಂಗಸೊಬ್ಬಳು ಎದ್ದು ಬರುತ್ತಾಳೆ. ರೂಮಿಗೆ ಬಂದ ನಾಯಕ ಹಲ್ಲು ಕಿರಿದು ಅಪ್ಪಿಕೊಳ್ಳುತ್ತಾನೆ. ಕನ್ನಡಿಯಲ್ಲಿ ನೋಡಿದರೆ ತೋಳಿನಲ್ಲಿರೋದು ಕೊಳೆತ ಮುದುಕಿ. ಅಲ್ಲಿ ಇಣುಕುವವನನ್ನೇ ಹಿಡಿದು ಹಾಕಿದ್ದಾರೆ. ಅವಳಿಗೆ ಬಟ್ಟೆ ಹಾಕಿಸಿದ್ದರೆ ಆ ಸೀನೇ ನಿಲ್ಲುತ್ತಿರಲಿಲ್ಲ. ಅಷ್ಟು ಮಾಡೋ ತಾಕತ್ತು ಇದ್ದರೆ ಮಾಡು. ಬರೀ ಬೆನ್ನು ತೋರಿಸಿ ಥಂಬ್‌ನೇಲ್ ಮಾಡೋದಾದರೆ ಸುಮ್ನೆ ಬಿಟ್ಟುಬಿಡು.

ಇನ್ನೊಂದು. ನಿನ್ನ ಕತೆ ಹಳೇ ಮನೆಯದು. ಅಲ್ಲಿ ಶವರ್ ಎಲ್ಲಿಂದ ಬಂತು? ಬಚ್ಚಲು ಇರುತ್ತದೆ. ಒಲೆ ಮೇಲೆ ತಾಮ್ರದ ಹಂಡೆ, ಹೊಗೆ, ಒಂದು ಸಣ್ಣ ಬಲ್ಬು. ಹುಡುಗಿ ತಲೆಗೆ ಸೀಗೇಪುಡಿ ಹಚ್ಚಿಕೊಂಡಿದ್ದಾಳೆ. ಕಣ್ಣು ಬಿಟ್ಟರೆ ಉರಿ. ತಂಬಿಗೆ ಎಲ್ಲಿದೆ ಅಂತ ಕೈಯಾಡಿಸುತ್ತಾಳೆ. ತಂಬಿಗೆ ಕೈಗೆ ಬರುತ್ತದೆ. ಯಾರೋ ಕೊಟ್ಟಿದ್ದಾರೆ. ಸಣ್ಣವಳಿದ್ದಾಗ ಅಜ್ಜಿ ಹೀಗೇ ಕೊಡುತ್ತಿದ್ದಳು, ಅದಕ್ಕೆ ಅಭ್ಯಾಸಬಲದಿಂದ ಇಸ್ಕೊಂಡು ನೀರು ಹೊಯ್ದುಕೊಳ್ಳುತ್ತಾಳೆ. ಆಮೇಲೆ ಹೊಳೆಯುತ್ತದೆ. ಬರೀ ಮುಖ, ಬರೀ ಕೈ ಸಾಕು. ಭುಜದ ಕೆಳಗೆ ಕ್ಯಾಮೆರಾ ಇಳಿಸೋದೇ ಬೇಡ.

ಬೆಟಗೇರಿಯವಳು:

ಕಾಕಾ, ತಂಬಿಗೆ ಸೀನು ಓದಿ ಬಚ್ಚಲಿಗೆ ಹೋಗೋಕೇ ಹೆದರಿಕೆಯಾಗಿದೆ. ಇವತ್ತು ಅಮಾವಾಸ್ಯೆ ಬೇರೆ.

ಆದರೆ ನಿಮ್ಮ ಲೆಕ್ಕ ಗಂಡಸರ ಹಾಲಿನ ಲೆಕ್ಕ. ಬಿಟ್ ಹಾಕುವ ಟಾಕೀಸಿಗೆ ನಮ್ಮ ಅವ್ವ, ಚಿಗವ್ವ ಯಾರೂ ಬರುತ್ತಿರಲಿಲ್ಲ. ಬಂದಿದ್ದರೆ ನಿಮಗೆ ಕಿಂಡಿಯಿಂದ ಬೇರೇನೇ ಕಾಣುತ್ತಿತ್ತು. ಸ್ನಾನದ ಸೀನು ಬಂದರೆ ನಮಗೆ ದೆವ್ವದ ಅವಶ್ಯಕತೆಯೇ ಇಲ್ಲ. ಹಾಸ್ಟೆಲ್ ಬಾತ್‌ರೂಮಿನಲ್ಲಿ ಮೊದಲು ವೆಂಟಿಲೇಟರ್ ನೋಡಿ, ಆಮೇಲೆ ಬಕೆಟ್ ತುಂಬಿಸುತ್ತಿದ್ದೆವು. ಹೋಟೆಲ್ ರೂಮಿಗೆ ಹೋದರೂ ಈಗಲೂ ಅದೇ. ಹಾಗಾಗಿ ಸೀಟಿ ಬಿದ್ದ ಹೊತ್ತಿಗೆ ಹೆದರಿಕೆ ಸತ್ತಿತು ಅನ್ನೋದು ಅರ್ಧ ಮಾತ್ರ ನಿಜ. ನಮಗೆ ಹೆದರಿಕೆ ಪರದೆಯಿಂದ ಇಳಿದು ಪಕ್ಕದ ಸೀಟಿಗೆ ಬರುತ್ತದೆ.

ಅಮೆರಿಕದ ಸಿನಿಮಾಗಳಲ್ಲಿ ಇನ್ನೊಂದು ಚಾಳಿ ನೋಡಿ. ಬಟ್ಟೆ ಬಿಚ್ಚಿದ ಹುಡುಗಿ ಸಾಯುತ್ತಾಳೆ, ಬಿಚ್ಚದವಳು ಉಳಿಯುತ್ತಾಳೆ. 1978ರ 'ಹ್ಯಾಲೋವೀನ್' ಅದಕ್ಕೆ ಹೆಸರುವಾಸಿ. ನೀತಿ ಹೇಳೋಕೆ ಮಾಡಿದ್ದಲ್ಲ ಅಂತ ನಿರ್ದೇಶಕ ಕಾರ್ಪೆಂಟರ್ ಹೇಳಿದ್ದಾರೆ. ಇರಬಹುದು. ಆದರೆ ಅವರ ಹಿಂದೆ ಬಂದವರು ಅದನ್ನೇ ಪಾಠದಂತೆ ಕಲಿತರು. ಆ ಸಿನಿಮಾದಲ್ಲಿ ಉಳಿಯುವ ಹುಡುಗಿ ಜೇಮೀ ಲೀ ಕರ್ಟಿಸ್. ಕಾಕಾ ಹೇಳಿದ ಜಾನೆಟ್ ಲೀ ಇವರ ತಾಯಿ! ಅವ್ವ ಶವರಿನಲ್ಲಿ ಸತ್ತಳು, ಮಗಳು ಬದುಕಿದಳು. ಕೊನೆಗೆ ಉಳಿಯುವ ಈ ಹುಡುಗಿಯ ಬಗ್ಗೆ ಕ್ಯಾರಲ್ ಕ್ಲೋವರ್ ಅನ್ನುವವರು 1987ರಲ್ಲಿ ಲೇಖನ ಬರೆದರು. ಹುಡುಗರೂ ಕೊನೆಗೆ ಆ ಹುಡುಗಿಯ ಕಣ್ಣಿನಿಂದಲೇ ನೋಡುತ್ತಾರೆ ಅನ್ನೋದು ಅವರ ವಾದ. ಇದನ್ನು ಓದಿದಾಗಲಿಂದ ನಾನು ಕೊನೆಯ ಅರ್ಧ ಗಂಟೆಯನ್ನು ಬೇರೆ ಥರ ನೋಡುತ್ತೇನೆ.

ಇನ್ನು, ಬೆತ್ತಲೆ ಅಂದರೆ ಹೆಂಗಸೇ ಯಾಕೆ? 2018ರ 'ಹೆರೆಡಿಟರಿ' ಕೊನೆಗೆ ಕತ್ತಲೆಯ ಬಾಗಿಲಲ್ಲಿ ಒಬ್ಬ ಗಂಡಸು ಬೆತ್ತಲೆ ನಿಂತು ನಗುತ್ತಾನೆ. ಏನೂ ಮಾಡೋದಿಲ್ಲ, ಬರೀ ನಗು. ಅದನ್ನು ನೋಡಿ ಯಾರಾದರೂ ಸೀಟಿ ಹೊಡೆಯಲಿ ನೋಡೋಣ. ಮೈ ಮುಚ್ಚಿಕೊಂಡೂ ಹೆದರಿಸಬಹುದು ಅನ್ನೋದಕ್ಕೆ ನಮ್ಮ 'ಆಪ್ತಮಿತ್ರ' ಇದೆ, 2004ರದ್ದು. ಸೌಂದರ್ಯ ಅವರ ನಾಗವಲ್ಲಿಗೆ ಸೀರೆ, ಒಡವೆ, ಗೆಜ್ಜೆ ಎಲ್ಲಾ ಇದೆ. ಹೆದರಿಸೋದು ಕಣ್ಣು.

ತಮ್ಮಾ, ಎಲ್ಲಕ್ಕಿಂತ ಮೊದಲು ಆ ಹುಡುಗಿಗೆ ಫೋನ್ ಮಾಡು. ಅವಳ ಬೆನ್ನಿನ ಬಗ್ಗೆ ಇಲ್ಲಿ ಇಷ್ಟು ಜನ ಮಾತಾಡಿ ಆಯಿತು, ಅವಳಿಗೇ ಗೊತ್ತಿಲ್ಲ.

ಹಳೇ ಆಪರೇಟರ್:

ತಂಗೀ, ಸರಿಯಾದ ಮಾತು. ಬಾಲ್ಕನಿಯಲ್ಲಿ ಹೆಣ್ಣುಮಕ್ಕಳು ಬಂದು ಕೂತದ್ದು ಭಕ್ತಿ ಸಿನಿಮಾಕ್ಕೆ, ಅಣ್ಣಾವ್ರ ಸಿನಿಮಾಕ್ಕೆ. ದೆವ್ವದ ಸಿನಿಮಾಕ್ಕೆ ನಾನು ಕಂಡದ್ದು ಬರೀ ತಲೆಗೂದಲು ಹಾರಿದ ಗಂಡಸರನ್ನು. ಆದರೆ ಸೀನಿನ ವಿಷಯದಲ್ಲಿ ನಾನು ನನ್ನ ಮಾತು ಬಿಡೋದಿಲ್ಲ.

ಸಪ್ತಾಪುರದ ಕ್ಯಾಮೆರಾ:

ಅಕ್ಕಾ, ಫೋನ್ ಮಾಡಿದೆ. "ಬೆನ್ನು ಬೇಕಂದ್ರೆ ಅವನೇ ಕೂತ್ಕೊಳ್ಳಲಿ" ಅಂದಳು. ಅದನ್ನು ಹಾಗೇ ಗೆಳೆಯನಿಗೆ ದಾಟಿಸಿದ್ದೇನೆ. ತಂಬಿಗೆ ಸೀನು ಓದಿ ಹೇಳಿದ ಮೇಲೆ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ದುಡ್ಡು ಹಾಕ್ತೀನಿ, ಆದ್ರೆ ಥಂಬ್‌ನೇಲ್ ನಂದು" ಅಂದ. ಜಗಳ ಇನ್ನೂ ಪೂರ್ತಿ ಮುಗಿದಿಲ್ಲ.

ಕಾಕಾ, ಎರಡು ಅನುಮಾನ. ಕೊಡುವ ಕೈ ಕಾಣಬೇಕಾ, ಬೇಡವಾ? ಮ್ಯೂಸಿಕ್ ಹಾಕಲಾ?

ಹಳೇ ಆಪರೇಟರ್:

ಕೈ ಬೇಡ. ತಂಬಿಗೆ ನೆಲಕ್ಕೆ ಉಜ್ಜಿದ ಸದ್ದು ಸಾಕು. ಮ್ಯೂಸಿಕ್ ವಿಷಯದಲ್ಲಿ ನಾನು ಹೇಳೋದಿಲ್ಲ. ಹಿಚ್‌ಕಾಕ್‌ನೇ ಆ ಶವರ್ ಸೀನಿಗೆ ಮ್ಯೂಸಿಕ್ ಬೇಡ ಅಂದಿದ್ದ. ಸಂಗೀತ ಮಾಡಿದ ಹರ್ಮನ್ ಪಿಟೀಲು ಹಾಕಿ ಕೇಳಿಸಿದ ಮೇಲೆ ಒಪ್ಪಿಕೊಂಡ. ಎರಡೂ ಮಾಡಿ ನೋಡು. ಹಂಡೆ ಒಲೆ ಇರುವ ಬಚ್ಚಲು ಸಿಕ್ಕಿತಾ?

ಸಪ್ತಾಪುರದ ಕ್ಯಾಮೆರಾ:

ಅದೇ ತಲೆನೋವು. ಗೊತ್ತಿರುವ ಮನೆಗಳಲ್ಲೆಲ್ಲಾ ಗೀಸರ್ ಬಂದಿದೆ, ಟೈಲ್ಸ್ ಹಾಕಿಸಿದ್ದಾರೆ. ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ. ಒಂದು ರಾತ್ರಿ ಸಾಕು.

ಬೆಟಗೇರಿಯವಳು:

ನಮ್ಮ ಚಿಗವ್ವನ ಮನೆಯಲ್ಲಿದೆ, ಲಕ್ಷ್ಮೇಶ್ವರದ ಹತ್ತಿರ. ಹಂಡೆ ತೂತು ಬಿದ್ದಿಲ್ಲ, ಒಲೆ ಉರಿಯುತ್ತದೆ. ಎರಡು ಷರತ್ತು. ಕಟ್ಟಿಗೆ ನೀವೇ ತರಬೇಕು. ಅಜ್ಜಿ ದೆವ್ವ ಅಂತ ಚಿಗವ್ವನ ಎದುರು ಬಾಯಿ ಬಿಡಬಾರದು, ಹಬ್ಬದ ಜಾಹೀರಾತು ಅಂತ ಹೇಳಿ.