ಮಣಿಕಟ್ಟಿನ ನೋವಿಗೆ ಕುತ್ತಿಗೆ ಯಾಕೆ ನೋಡಬೇಕು? ಫಿಸಿಯೋಥೆರಪಿಸ್ಟ್‌ಗೆ ಕೇಳಿ

ಪ್ರಶ್ನೆ (ಕಲಬುರಗಿ): ನಮಸ್ಕಾರ ರೀ. ರೊಟ್ಟಿ ಕೇಂದ್ರದಾಗ ದಿನಾ ನೂರೈವತ್ತು ಜೋಳದ ರೊಟ್ಟಿ ಬಡೀತೀನಿ. ಬಲಗೈ ಮಣಿಕಟ್ಟು ನೋಯ್ತದ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡೀತಾವ, ಮುಂಗೈ ಒಳಮಗ್ಗಲಾನೂ ಮಂದ ಆಗೇದ. ಮಣಿಕಟ್ಟಿಗಿ ಪಟ್ಟಿ ಕಟ್ಟಿದ್ರೂ ಕಡಿಮಿ ಆಗವಲ್ದು. ಕುತ್ತಿಗಿ ತೋರಿಸು ಅಂತಾರ. ನೋವು ಕೈಯಾಗ ಇದ್ರ ಕುತ್ತಿಗಿ ಯಾಕ್ರೀ?

ಉತ್ತರ: ಅಕ್ಕಾ, ಹೇಳಿದವರು ಸರಿಯಾಗೇ ಹೇಳ್ಯಾರ. ಕೈಯ ನರಗಳು ಕುತ್ತಿಗೆಯಿಂದ ಹೊರಟು, ಪಕ್ಕದ ಎರಡು ಸ್ಕೇಲೀನ್ ಸ್ನಾಯುಗಳ ಸಂದಿಯಲ್ಲಿ ನುಸುಳಿ, ಮೊದಲ ಪಕ್ಕೆಲುಬಿನ ಮೇಲೆ ಹಾದು ತೋಳಿಗೆ ಇಳೀತಾವ. ಸ್ನಾಯು ಬಿಗಿಯಾದ್ರೆ ಸಂದಿ ಕಿರಿದಾಗ್ತದ. ಅಲ್ಲಿ ಹೆಚ್ಚಾಗಿ ಸಿಕ್ಕಿಬೀಳೋದು ಕೆಳಗಿನ ಸಿ-8, ಟಿ-1 ನರಗಳು (ಸಿ ಅಂದ್ರೆ ಕುತ್ತಿಗೆಯದು, ಟಿ ಅಂದ್ರೆ ಅದರ ಕೆಳಗೆ ಬೆನ್ನಿನ ಮೇಲ್ಭಾಗದ್ದು). ಅವು ಹೋಗೋದು ಕಿರುಬೆರಳ ಕಡೆಗೇ.

ಯಾವ ಬೆರಳು ಅನ್ನೋದನ್ನ ಮೊದಲು ನೋಡಬೇಕು. ಕಾರ್ಪಲ್ ಟನೆಲ್, ಅಂದ್ರೆ ಮಣಿಕಟ್ಟಿನಲ್ಲೇ ನರ ಒತ್ತಿದ ತೊಂದರೆ ಆಗಿದ್ರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡೀತಾವ, ಕಿರುಬೆರಳು ಆರಾಮ ಇರ್ತದ. ರಾತ್ರಿ ಎಚ್ಚರಾಗಿ ಕೈ ಝಾಡಿಸಿದ್ರೆ ಹಗುರ. ಪಟ್ಟಿ ಅದಕ್ಕೆ. ಮೊಣಕೈಯಲ್ಲಿ ಅಲ್ನಾರ್ ನರ ಒತ್ತಿದ್ರೆ ಕಿರುಬೆರಳೇ, ಆದ್ರೆ ಮುಂಗೈ ಒಳಮಗ್ಗಲು ಮಂದ ಆಗೋದಿಲ್ಲ, ಆ ಚರ್ಮಕ್ಕೆ ಬೇರೆ ನರ. ನೀವು ಬರೆದ ಆ ಒಂದು ಮಾತಿಗೇ ನನ್ನ ಅನುಮಾನ ಮೇಲಕ್ಕೆ, ಕುತ್ತಿಗೆ ಕಡೆ ಹೋಯ್ತು. ಕೈ ಮುಟ್ಟಿ ನೋಡದೆ ಖಾತ್ರಿ ಮಾತ್ರ ಹೇಳಲಾರೆ.

ಬಡಿಯೋವಾಗ ಭುಜ ಕಿವಿಗೆ ಏರಿ, ಗದ್ದ ಮುಂದೆ ಚಾಚಿದ್ರೆ ಸ್ಕೇಲೀನ್‌ಗೆ ಬಿಡುವೇ ಇಲ್ಲ. ಒಲೆ ಹೊಗೆಗೆ ಎದೆ ಎತ್ತಿ ಎತ್ತಿ ಉಸಿರಾಡಿದ್ರೆ ಇನ್ನೂ ಬಿಗಿ, ಯಾಕಂದ್ರೆ ಪಕ್ಕೆಲುಬು ಎತ್ತೋದೂ ಇವೇ. ಬಡಿಯೋ ಮಣೆ ಮೊಣಕೈಗಿಂತ ಮೂರ್ನಾಲ್ಕು ಇಂಚು ಕೆಳಗಿರಲಿ. ಇಪ್ಪತ್ತು ರೊಟ್ಟಿಗೊಮ್ಮೆ ಬೇಯಿಸೋರ ಜೊತೆ ಜಾಗ ಬದಲಿಸ್ರಿ.

ವ್ಯಾಯಾಮ: ಕುರ್ಚಿ ಮೇಲೆ ಕೂತು ಬಲಗೈಲಿ ಕುರ್ಚಿ ಅಂಚು ಹಿಡೀರಿ, ಭುಜ ಏಳಬಾರದು. ಗದ್ದ ಹಿಂದಕ್ಕೆಳೆದು, ತಲೆ ಎಡಭುಜದ ಕಡೆ ವಾಲಿಸ್ರಿ. 20-30 ಸೆಕೆಂಡ್, ಮೂರು ಸಲ, ದಿನಕ್ಕೆರಡು ಹೊತ್ತು. ಕುತ್ತಿಗೆ ಪಕ್ಕ ಎಳೆದಂಗಾಗಬೇಕು ಅಷ್ಟೇ; ಬೆರಳು ಜುಮ್ ಅಂದ್ರೆ ಹಿಂದೆ ಬರ್ರಿ. ನರ ಕೆರಳಿದ್ದಾಗ ಜೋರು ಎಳೆದ್ರೆ ರಾತ್ರಿ ನೋವು ಹೆಚ್ಚಾಗ್ತದ. ಕುತ್ತಿಗೆ ಪಕ್ಕ ಬೆರಳಿಂದ ಒತ್ತಿ ತಿಕ್ಕಬ್ಯಾಡ್ರಿ, ಮೆದುಳಿಗೆ ಹೋಗೋ ರಕ್ತನಾಳ ಅಲ್ಲೇ ಅದ. ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆ ಲಟಕ್ ಅನ್ನಿಸ್ಕೊಳ್ಳೋ ಗಂಡಸರಿಗೂ ಇದೇ ಮಾತು.

ಪ್ರಶ್ನೆ (ಬೀದರ್): ಸರ್, ನಂದು ಬಿದ್ರಿ ಕೆತ್ತನಿ ಕೆಲಸ, ದಿನಪೂರ್ತಿ ತಲಿ ಬಗ್ಗಿಸೇ ಕೂಡ್ತೀನಿ. ಬಲಗೈ ಹೆಬ್ಬೆರಳು, ತೋರುಬೆರಳು ಜೋಮು. ತಲಿ ಮೇಲೆತ್ತಿ ಬಲಕ್ಕ ಹೊರಳಿಸಿದ್ರ ಕರೆಂಟ್ ಹೊಡದಂಗ ಬೆರಳತನಕ ಹೋಗ್ತದ. ನಾನೂ ಇದೇ ವ್ಯಾಯಾಮ ಮಾಡ್ಲ್ಯಾ?

ಉತ್ತರ: ಸದ್ಯ ಬ್ಯಾಡ್ರಿ ಅಣ್ಣಾ. ನಿಮ್ಮದು ಸ್ನಾಯುಕ್ಕಿಂತ ಮೇಲೆ, ಕುತ್ತಿಗೆ ಮೂಳೆಯಿಂದ ನರ ಹೊರಬೀಳೋ ಕಿಂಡಿಯಲ್ಲೇ ಒತ್ತಿದ ಲಕ್ಷಣ, ಬಹುಶಃ ಸಿ-6. ತಲೆ ಹಿಂದಕ್ಕೆ, ನೋವಿನ ಕಡೆಗೆ ಹೋದಾಗ ಕಿಂಡಿ ಸಣ್ಣದಾಗ್ತದ. ಬಲಗೈ ಎತ್ತಿ ನೆತ್ತಿ ಮೇಲೆ ಇಟ್ಟುಕೊಂಡು ನೋಡ್ರಿ: ನೋವು ಇಳಿದ್ರೆ ಅನುಮಾನ ಗಟ್ಟಿ. ಸ್ಕೇಲೀನ್ ತೊಂದರೆಯವರಿಗೆ ಸಾಮಾನ್ಯವಾಗಿ ಉಲ್ಟಾ, ಕೈ ಎತ್ತಿದ್ರೆ ಜೋಮು ಹೆಚ್ಚು. ಕೆತ್ತೋ ಹೂಜಿ, ತಟ್ಟೆ ತೊಡೆ ಮಟ್ಟದಲ್ಲಿದ್ರೆ ಕೆಳಗೆ ಪೀಠ ಇಟ್ಟು ಎದೆ ಹತ್ತಿರ ತನ್ನಿ, ಅರ್ಧ ಗಂಟೆಗೊಮ್ಮೆ ಏಳ್ರಿ.

ಇಬ್ಬರೂ ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸ್ರಿ, ಅವೆರಡರಿಂದಲೂ ಬೆರಳು ಜೋಮು ಬರ್ತಾವ. ಉಳಿ ಕೈಜಾರೋದು, ಅಂಗಿ ಗುಂಡಿ ಹಾಕಲು ಆಗದಿರೋದು, ಹೆಬ್ಬೆರಳ ಬುಡ ಸೊರಗೋದು ಕಂಡ್ರೆ ವ್ಯಾಯಾಮ ಬಿಟ್ಟು ನರರೋಗ ಅಥವಾ ಮೂಳೆ ಡಾಕ್ಟರ್ ಹತ್ತಿರ ಹೋಗ್ರಿ. ನಡೆಯುವಾಗ ಕಾಲು ತೊಡರಿದ್ರೆ, ಮೂತ್ರದ ಹಿಡಿತ ತಪ್ಪಿದ್ರೆ, ಕೈ ಊದಿ ನೀಲಿಯಾದ್ರೆ ಅದೇ ದಿನ. ಎದೆ ಬಿಗಿದು, ಬೆವೆತು ಕೈ ಸೆಳೆದ್ರೆ 108ಕ್ಕೆ ಫೋನ್ ಮಾಡ್ರಿ.