ಬಿ.ಎಡ್. ಮುಗಿದ ಮೇಲೆ ಮುಂದೇನು? ಶಿಕ್ಷಕ ವೃತ್ತಿಯ ಕುರಿತು ಪ್ರಶ್ನೋತ್ತರ

ಈ ವಾರದ ಪ್ರಶ್ನೆಗಳಿಗೆ ಉತ್ತರಿಸಿದವರು ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ 33 ವರ್ಷ ಕೆಲಸ ಮಾಡಿ, ಪ್ರೌಢಶಾಲಾ ಮುಖ್ಯ ಶಿಕ್ಷಕರಾಗಿ ನಿವೃತ್ತರಾದ ನಮ್ಮ ಬಳಗದ ಹಿರಿಯ ಸದಸ್ಯರು.

ಪ್ರಶ್ನೆ (ಸಿಂಧನೂರು ತಾಲ್ಲೂಕಿನ ಸದಸ್ಯೆ): ಗುರುಗಳಿಗೆ ನಮಸ್ಕಾರ. ನಾನು ಇತಿಹಾಸ, ರಾಜ್ಯಶಾಸ್ತ್ರ ಮತ್ತು ಐಚ್ಛಿಕ ಕನ್ನಡ ತೆಗೆದುಕೊಂಡು ಬಿ.ಎ. ಓದಿ, ಕಳೆದ ವರ್ಷ ಬಿ.ಎಡ್. ಮುಗಿಸಿದ್ದೇನೆ. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆಯಲ್ಲಿ 93 ಅಂಕ ಬಂದಿವೆ. ಸದ್ಯ ಊರ ಹತ್ತಿರದ ಖಾಸಗಿ ಶಾಲೆಯೊಂದರಲ್ಲಿ ತಿಂಗಳಿಗೆ 9,000 ರೂಪಾಯಿ ಸಂಬಳಕ್ಕೆ ಪಾಠ ಮಾಡುತ್ತಿದ್ದೇನೆ. ಇದನ್ನು ಬಿಟ್ಟು ಧಾರವಾಡಕ್ಕೆ ಹೋಗಿ ಕೋಚಿಂಗ್ ಸೇರಿಕೋ ಎಂದು ಮನೆಯಲ್ಲಿ ಒತ್ತಾಯಿಸುತ್ತಿದ್ದಾರೆ. ಒಂದರಿಂದ ಐದನೇ ತರಗತಿಯ ಹುದ್ದೆಗೂ ನಾನು ಅರ್ಜಿ ಹಾಕಬಹುದೇ? ನಾನು ಯಾವ ದಾರಿ ಹಿಡಿಯಬೇಕು?

ಉತ್ತರ: ಮೊದಲು ಅರ್ಹತೆಯ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ, ಏಕೆಂದರೆ ನನ್ನ ಬಳಿ ಬರುವ ಹತ್ತು ಜನರಲ್ಲಿ ನಾಲ್ಕೈದು ಮಂದಿ ತಮಗೆ ಯಾವ ತರಗತಿಗೆ ಕಲಿಸುವ ಅರ್ಹತೆ ಇದೆ ಎಂಬುದನ್ನೇ ಸರಿಯಾಗಿ ತಿಳಿದುಕೊಂಡಿರುವುದಿಲ್ಲ. ಒಂದರಿಂದ ಐದನೇ ತರಗತಿಗೆ ಬೇಕಾದದ್ದು ಡಿ.ಎಡ್. ಅಥವಾ ಈಗಿನ ಹೆಸರಿನ ಡಿ.ಎಲ್.ಎಡ್. ಎಂಬ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ; ಅದರ ಜೊತೆಗೆ ಟಿಇಟಿ ಮೊದಲನೇ ಪತ್ರಿಕೆ. 2018ರಲ್ಲಿ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) ಹೊರಡಿಸಿದ್ದ ಅಧಿಸೂಚನೆ ಬಿ.ಎಡ್. ಆದವರಿಗೂ ಆ ಬಾಗಿಲು ತೆರೆದಿತ್ತು. ಆದರೆ ಅದು ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿಯೇ ಬೇರೆ ಎಂದು 2023ರ ಆಗಸ್ಟ್ 11ರ ತೀರ್ಪಿನಲ್ಲಿ ನ್ಯಾಯಾಲಯ ಹೇಳಿತು. ಆದ್ದರಿಂದ ನಿಮ್ಮ ಕ್ಷೇತ್ರ ಆರರಿಂದ ಎಂಟನೇ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಮತ್ತು ಪ್ರೌಢಶಾಲೆ. ಮೊದಲನೇ ಪತ್ರಿಕೆಗೆ ಶುಲ್ಕ ಕಟ್ಟಿ ಆರು ತಿಂಗಳು ಓದುವ ಶ್ರಮ ನಿಮಗೆ ಬೇಡ. ಪದವಿಯಲ್ಲಿ ಓದಿದ ಐಚ್ಛಿಕ ವಿಷಯಗಳ ಜೋಡಣೆ ಆಯಾ ಹುದ್ದೆಗೆ ಹೊಂದುತ್ತದೆಯೇ ಎಂಬುದನ್ನು ಮಾತ್ರ ಅಧಿಸೂಚನೆ ಬಂದ ದಿನವೇ ಸಾಲುಸಾಲಾಗಿ ಓದಿ ನೋಡಿ. ಸಮಾಜ ವಿಜ್ಞಾನದ ಅಭ್ಯರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಇನ್ನು ನಿಮ್ಮ 93 ಅಂಕಗಳ ವಿಷಯ. ಟಿಇಟಿ 150 ಅಂಕಗಳ ಪರೀಕ್ಷೆ. ಸಾಮಾನ್ಯ ಅಭ್ಯರ್ಥಿಗೆ 90 ಬಂದರೆ ಉತ್ತೀರ್ಣ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಪ್ರಮಾಣಪತ್ರಕ್ಕೆ ಈಗ ಜೀವಿತಾವಧಿಯ ಮಾನ್ಯತೆ ಇದೆ. ಇಷ್ಟು ತಿಳಿದ ಬಹುಪಾಲು ಜನ ಉತ್ತೀರ್ಣರಾದ ದಿನವೇ ಪುಸ್ತಕ ಮುಚ್ಚಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆದಾಗ ಆಯ್ಕೆಪಟ್ಟಿ ತಯಾರಾದದ್ದು ಸ್ಪರ್ಧಾತ್ಮಕ ಪರೀಕ್ಷೆಯ ಅಂಕಗಳಿಂದ ಮಾತ್ರವಲ್ಲ, ಟಿಇಟಿ ಮತ್ತು ಪದವಿಯ ಅಂಕಗಳನ್ನೂ ಸೇರಿಸಿ. ಪದವಿಯ ಅಂಕ ಮುಗಿದ ಕಥೆ, ಅದನ್ನು ಬದಲಿಸಲಾಗದು; ಆದರೆ ಟಿಇಟಿಯನ್ನು ಮತ್ತೆ ಬರೆದು 93ನ್ನು 115 ಮಾಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ 60, ಸಮಾಜ ವಿಜ್ಞಾನಕ್ಕೆ 60. ಇದರಲ್ಲಿ ನಮ್ಮ ಭಾಗದವರು ಅಂಕ ಕಳೆದುಕೊಳ್ಳುವುದು ಎರಡನೇ ಭಾಷೆಯಾದ ಇಂಗ್ಲಿಷಿನಲ್ಲಿ ಎಂಬುದನ್ನು ವರ್ಷಗಳಿಂದ ನೋಡಿದ್ದೇನೆ.

ಧಾರವಾಡದ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ಅಧಿಸೂಚನೆ ಹೊರಬೀಳುವ ಮೊದಲೇ ಶಾಲೆ ಬಿಟ್ಟು ಹೋಗಬೇಡಿ. ನಮ್ಮ ರಾಜ್ಯದಲ್ಲಿ ಶಿಕ್ಷಕರ ನೇಮಕಾತಿ ವರ್ಷಕ್ಕೊಮ್ಮೆ ತಪ್ಪದೆ ಬರುವ ಹಬ್ಬವಲ್ಲ. ಬಂದ ಮೇಲೂ ಕೋರ್ಟು, ಆಕ್ಷೇಪಣೆ, ಪರಿಷ್ಕೃತ ಪಟ್ಟಿ ಎಂದು ತಿಂಗಳುಗಟ್ಟಲೆ ಹಿಡಿಯುತ್ತದೆ. ಬಾಡಿಗೆ ಕೋಣೆಯಲ್ಲಿ ಎರಡು ಮೂರು ವರ್ಷ ಓದುತ್ತಾ ಕುಳಿತು, ಮಕ್ಕಳ ಮುಖವನ್ನೇ ಮರೆತು, ಕೊನೆಗೆ ಮನಸ್ಸು ಸೋತು ಊರಿಗೆ ಮರಳಿದ ಹುಡುಗ ಹುಡುಗಿಯರನ್ನು ಕಂಡು ನನಗೆ ಬಹಳ ಸಂಕಟವಾಗಿದೆ. ದಿನಕ್ಕೆ ನಾಲ್ಕೈದು ತರಗತಿ ತೆಗೆದುಕೊಳ್ಳುವವರು ಬೋಧನಾಶಾಸ್ತ್ರದ ಪ್ರಶ್ನೆಯನ್ನು ಬಾಯಿಪಾಠದಿಂದ ಬಿಡಿಸಬೇಕಿಲ್ಲ. ಮಗು ಏಕೆ ಹಾಗೆ ತಪ್ಪಿತು ಎಂಬುದನ್ನು ಅವರು ಬೆಳಿಗ್ಗೆಯಷ್ಟೇ ನೋಡಿರುತ್ತಾರೆ. ಬೆಳಿಗ್ಗೆ ಎರಡು ಗಂಟೆ, ರಾತ್ರಿ ಒಂದು ಗಂಟೆ ಓದು, ಭಾನುವಾರ ಒಂದು ಹಳೆಯ ಪ್ರಶ್ನೆಪತ್ರಿಕೆ, ಹೀಗೆ ಒಂದು ವರ್ಷ ನಡೆಸಿ. ಅಧಿಸೂಚನೆ ಬಂದ ಮೇಲೆ ಎರಡು ತಿಂಗಳು ರಜೆ ಹಾಕಿ ಓದಲು ಅಡ್ಡಿಯಿಲ್ಲ. ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆಯ ವಿಷಯ ಪತ್ರಿಕೆಯಲ್ಲಿ ವಿವರಣಾತ್ಮಕ ಉತ್ತರಗಳೂ ಇರುವುದರಿಂದ, ಗಡಿಯಾರ ಮುಂದಿಟ್ಟುಕೊಂಡು ಪೆನ್ನಿನಲ್ಲಿ ಬರೆಯುವ ಅಭ್ಯಾಸವನ್ನು ಇಂದೇ ಆರಂಭಿಸಿ. ಮೊಬೈಲ್‌ನಲ್ಲಿ ಬಹು ಆಯ್ಕೆಯ ಪ್ರಶ್ನೆಗಳನ್ನು ಒತ್ತುತ್ತಾ ಕುಳಿತರೆ ಆ ಭಾಗದಲ್ಲಿ ಕೈ ಓಡುವುದಿಲ್ಲ.

ಕಾಗದಪತ್ರಗಳನ್ನು ಈಗಲೇ ಸಿದ್ಧಮಾಡಿಕೊಳ್ಳಿ. ನೀವು ಕಲ್ಯಾಣ ಕರ್ನಾಟಕದವರಾದ್ದರಿಂದ ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಪಡೆದಿಡಿ. 2022ರ ಆ 15,000 ಹುದ್ದೆಗಳಲ್ಲಿ 5,000 ನಮ್ಮ ಭಾಗಕ್ಕೆ ಮೀಸಲಾಗಿದ್ದವು ಎಂದರೆ ಆ ಒಂದು ಹಾಳೆಯ ಬೆಲೆ ನಿಮಗೆ ಅರ್ಥವಾದೀತು. ವಿವಾಹಿತೆಯಾಗಿದ್ದರೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ತಂದೆಯ ಆದಾಯ ನೋಡಬೇಕೋ ಪತಿಯದ್ದೋ ಎಂಬ ಪ್ರಶ್ನೆ ಅದೇ ನೇಮಕಾತಿಯಲ್ಲಿ ಹೈಕೋರ್ಟಿನವರೆಗೆ ಹೋಗಿ, ಆಯ್ಕೆಯಾದವರು ಆದೇಶಪತ್ರಕ್ಕಾಗಿ ಬಹಳ ದಿನ ಕಾಯಬೇಕಾಯಿತು. ಅಧಿಸೂಚನೆಯಲ್ಲಿ ಯಾವ ನಮೂನೆ, ಯಾವ ದಿನಾಂಕದೊಳಗೆ ಎಂದು ಇರುತ್ತದೆಯೋ ಅದರಂತೆಯೇ ಕೊಡಿ.

ಅದೇ ಸದಸ್ಯೆಯಿಂದ ಮರುಪ್ರಶ್ನೆ: ತುಂಬಾ ಧನ್ಯವಾದಗಳು. ಮುಂದಿನ ತಿಂಗಳು ರಾಯಚೂರಿನ ದೊಡ್ಡ ಶಾಲೆಯೊಂದರಲ್ಲಿ ಸಂದರ್ಶನವಿದೆ, 15 ನಿಮಿಷದ ಪ್ರಾತ್ಯಕ್ಷಿಕೆ ಪಾಠ ಮಾಡಬೇಕಂತೆ. ಪಿಪಿಟಿ ಮಾಡಿಕೊಂಡು ಹೋಗಲೇ? ಆಯ್ಕೆ ಮಾಡುವವರು ಏನನ್ನು ನೋಡುತ್ತಾರೆ?

ಉತ್ತರ: ಒಂದು ಪಾಠವನ್ನು ಹೇಳುತ್ತೇನೆ, ನಾನೇ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದು. ಆರನೇ ತರಗತಿ, ನಕಾಶೆಯ ಪರಿಚಯ. ಆ ದಿನ ಪಾಠ ಮಾಡಬೇಕಿದ್ದ ಮೂವರಲ್ಲಿ ಮೊದಲಿನವರು ಗೋಡೆಗೆ ಕರ್ನಾಟಕದ ನಕಾಶೆ ತೂಗುಹಾಕಿ, ಮೇಲ್ಭಾಗ ಉತ್ತರ, ಕೆಳಭಾಗ ದಕ್ಷಿಣ ಎಂದು ಚೊಕ್ಕಟವಾಗಿ ಹೇಳಿ, ಮಕ್ಕಳಿಂದ ಮೂರು ಸಲ ಹೇಳಿಸಿದರು. ಎರಡನೆಯವರದ್ದೂ ಹೆಚ್ಚುಕಡಿಮೆ ಹಾಗೆಯೇ ಆಯಿತು. ಮೂರನೆಯ ಹುಡುಗಿ ಬಂದವಳೇ ಒಬ್ಬ ಹುಡುಗನನ್ನು ಎಬ್ಬಿಸಿ, 'ಉತ್ತರ ದಿಕ್ಕು ಎಲ್ಲಿದೆ, ಕೈ ಮಾಡಿ ತೋರಿಸು' ಎಂದಳು. ಅವನು ಸೂರಿನ ಕಡೆಗೆ ಬೆರಳು ಎತ್ತಿದ. ಹಿಂದಿನ ಎರಡೂ ಪಾಠಗಳಲ್ಲಿ 'ಮೇಲ್ಭಾಗ ಉತ್ತರ' ಎಂದು ಕೂಗಿದ್ದ ಹುಡುಗ! ಆಕೆ ನಗಲಿಲ್ಲ, ಗದರಿಸಲೂ ಇಲ್ಲ. ನಕಾಶೆಯನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಿದಳು. ಬೆಳಿಗ್ಗೆ ಬಿಸಿಲು ಯಾವ ಕಿಟಕಿಯಿಂದ ಒಳಗೆ ಬರುತ್ತದೆ ಎಂದು ಕೇಳಿ, ಮಕ್ಕಳ ಕೈಯಿಂದಲೇ ಅದನ್ನು ತಿರುಗಿಸಿ ಸರಿಯಾಗಿ ಹಾಸಿಸಿದಳು. 'ಈಗ ಕೃಷ್ಣಾ ಹೊಳೆ ಯಾವ ಕಡೆ, ತುಂಗಭದ್ರಾ ಯಾವ ಕಡೆ?' ಎಂದಾಗ ಮಕ್ಕಳೆಲ್ಲ ನೆಲದ ಮೇಲೆ ಬಗ್ಗಿ ಹುಡುಕಿ, ಆಮೇಲೆ ಬಾಗಿಲ ಹೊರಗೆ ಕೈ ಚಾಚಿ ತೋರಿಸಿದರು. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ, ನಡುವೆ ತಮ್ಮ ಊರು. ನಮ್ಮ ಈ ನೆಲಕ್ಕೆ ಹಿಂದೆ ಎಡೆದೊರೆ ನಾಡು ಎಂಬ ಹೆಸರಿತ್ತೆಂದು ಆಕೆ ಹೇಳಿದಾಗ, ಆ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮಕ್ಕಳು ಎರಡು ಹೊಳೆಗಳ ನಡುವೆ ನಿಂತುಬಿಟ್ಟಿದ್ದರು.

ನಾವು ಆ ದಿನ ಬೇರೆ ಯಾವ ಚರ್ಚೆಯನ್ನೂ ಮಾಡದೆ ಆಕೆಯ ಹೆಸರು ಬರೆದೆವು. ಪಿಪಿಟಿ ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಪರದೆಯ ಕಡೆ ಮುಖಮಾಡಿ ನಿಂತರೆ ಮಗು ಎಲ್ಲಿ ತಪ್ಪಿತು ಎಂಬುದು ನಿಮಗೆ ಕಾಣುವುದಿಲ್ಲ. ಒಂದೇ ಪರಿಕಲ್ಪನೆ ಆರಿಸಿಕೊಳ್ಳಿ. ಮೊದಲ ಮೂರು ನಿಮಿಷದೊಳಗೆ ಮಕ್ಕಳು ಏನಾದರೂ ಹೇಳುವಂತೆ ಅಥವಾ ಮಾಡುವಂತೆ ನೋಡಿಕೊಳ್ಳಿ, ಅವರು ಕೊಟ್ಟ ತಪ್ಪು ಉತ್ತರವನ್ನು ತಳ್ಳಿಹಾಕದೆ ಅಲ್ಲಿಂದಲೇ ಮುಂದುವರಿಯಿರಿ. ಕಪ್ಪುಹಲಗೆಯ ಮೇಲಿನ ಕಾಗುಣಿತ ಮಾತ್ರ ತಪ್ಪಕೂಡದು. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ನನ್ನಂಥ ಹಳಬರ ಮನಸ್ಸು ಒಪ್ಪುವುದಿಲ್ಲ.

ಪ್ರಶ್ನೆ (ತುಮಕೂರಿನ ಸದಸ್ಯರು): ನಾನು ಆರು ವರ್ಷ ಕೆಲಸ ಮಾಡಿದ ಖಾಸಗಿ ಶಾಲೆಯವರು ಸೇರುವಾಗಲೇ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡಿದ್ದರು. ಬೇರೆ ಶಾಲೆಗೆ ಹೋಗುತ್ತೇನೆ ಎಂದಾಗ ವರ್ಷದ ಕೊನೆಯವರೆಗೆ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಹಣ) ಶಿಕ್ಷಕರಿಗೆ ಅನ್ವಯಿಸುವುದೇ ಇಲ್ಲ ಎಂದೂ ಹೇಳಿದರು. ಇದು ನಿಜವೇ?

ಉತ್ತರ: ನಿಜವಲ್ಲ. 2009ರ ತಿದ್ದುಪಡಿಯ ಮೂಲಕ ಶಿಕ್ಷಕರನ್ನೂ ಗ್ರಾಚ್ಯುಟಿ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು, ಅದೂ 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿ ಹೋದಾಗ 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಐದು ವರ್ಷ ನಿರಂತರ ಸೇವೆ ಪೂರೈಸಿದ ನಿಮಗೆ ಅದು ಹಕ್ಕು, ಯಾರೂ ಕೊಡುವ ಉಪಕಾರವಲ್ಲ. ಇಪ್ಪತ್ತು ಅಥವಾ ಹೆಚ್ಚು ನೌಕರರಿದ್ದರೆ ಭವಿಷ್ಯ ನಿಧಿಯೂ ಅನ್ವಯವಾಗುತ್ತದೆ. ಅಂಕಪಟ್ಟಿಗಳಿಗಾಗಿ ಮೊದಲು ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, ಕೊಡದಿದ್ದರೆ ಅದರ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ದೂರು ಕೊಡಿ. ಬಾಯಿಮಾತಿನ ಜಗಳದಿಂದ ಏನೂ ಆಗುವುದಿಲ್ಲ.

ಹೊಸದಾಗಿ ಸೇರುವವರಿಗೆ ನನ್ನ ಕಳಕಳಿಯ ಮನವಿ: ಪರಿಶೀಲನೆಗೆ ಮೂಲ ಪ್ರತಿ ತೋರಿಸಿ, ಕೊಡುವುದು ದೃಢೀಕೃತ ನಕಲನ್ನು ಮಾತ್ರ. ನೇಮಕಾತಿ ಪತ್ರ ಕೇಳಿ ಪಡೆಯಿರಿ, ಸಂಬಳ ಬ್ಯಾಂಕ್ ಖಾತೆಗೇ ಬರಲಿ. ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಯ ನೌಕರರನ್ನು ವಿಚಾರಣೆಯಿಲ್ಲದೆ ತೆಗೆದುಹಾಕದಂತೆ ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಪ್ರಕರಣ ರಕ್ಷಣೆ ಕೊಟ್ಟಿದೆ, 94ನೇ ಪ್ರಕರಣದಡಿ ಮೇಲ್ಮನವಿಗೂ ಅವಕಾಶವಿದೆ. ಆದರೆ ನೀವು ಅಲ್ಲಿ ಕೆಲಸ ಮಾಡುತ್ತಿದ್ದಿರಿ ಎಂಬುದಕ್ಕೇ ಕಾಗದದ ಆಧಾರವಿಲ್ಲದಿದ್ದರೆ ಯಾವ ಪ್ರಕರಣವೂ ಕೈಹಿಡಿಯದು.

ಪ್ರಶ್ನೆ (ಬೆಳಗಾವಿ ಜಿಲ್ಲೆಯ ಸದಸ್ಯರು): ನಾನು 2006ರಿಂದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕನಾಗಿದ್ದೇನೆ, ವಯಸ್ಸು 46. ನಮ್ಮ ಕಾಲದಲ್ಲಿ ಟಿಇಟಿ ಇರಲಿಲ್ಲ. ಈಗ ನಾವೂ ಬರೆಯಲೇಬೇಕೇ?

ಉತ್ತರ: ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ನೀಡಿದ ತೀರ್ಪಿನಂತೆ, ಶಿಕ್ಷಣ ಹಕ್ಕು ಕಾಯ್ದೆಗೆ ಮುಂಚೆ ನೇಮಕವಾಗಿದ್ದು, ನಿವೃತ್ತಿಗೆ ಇನ್ನೂ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ ಉತ್ತೀರ್ಣರಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಸೇವೆ ಇರುವವರು ಹಾಗೆಯೇ ಮುಂದುವರಿಯಬಹುದು, ಆದರೆ ಬಡ್ತಿ ಬೇಕಾದರೆ ಅವರೂ ಬರೆಯಬೇಕು. ನಿಮಗೆ ಇನ್ನೂ 14 ವರ್ಷ ಸೇವೆ ಇದೆ. ಇಪ್ಪತ್ತು ವರ್ಷ ಪಾಠ ಮಾಡಿದವರನ್ನು ಮತ್ತೆ ಪರೀಕ್ಷೆಗೆ ಕೂರಿಸುವುದು ಸರಿಯೇ ಎಂಬ ನೋವು ನನಗೂ ಇದೆ, ಸಂಘಟನೆಗಳು ಅದನ್ನು ಕೇಳುವುದೂ ನ್ಯಾಯವೇ. ಆದರೂ ಏನಾದರೂ ಸಡಿಲಿಕೆ ಬಂದೀತೆಂದು ಕಾಯುತ್ತಾ ಕುಳಿತುಕೊಳ್ಳಬೇಡಿ. ನಿಮ್ಮ ಅರ್ಧ ಸಿದ್ಧತೆ ಆಗಿಯೇ ಇದೆ; ಒಂದರಿಂದ ಮೂರನೇ ತರಗತಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ನಡೆಸಿದವರಿಗೆ ಬೋಧನಾಶಾಸ್ತ್ರದ 30 ಪ್ರಶ್ನೆಗಳು ತಮ್ಮದೇ ದಿನಚರಿಯಂತೆ ಕಾಣುತ್ತವೆ. ಕಷ್ಟವಾಗುವುದು 150 ನಿಮಿಷದಲ್ಲಿ 150 ಪ್ರಶ್ನೆ ಮುಗಿಸುವ ವೇಗ ಮತ್ತು ಉತ್ತರಕ್ಕೆ ವೃತ್ತ ತುಂಬುವ ಓಎಂಆರ್ ಹಾಳೆ. ಕ್ಲಸ್ಟರಿನ (ಸುತ್ತಲಿನ ಶಾಲೆಗಳ ಗುಂಪಿನ) ನಾಲ್ಕೈದು ಮಂದಿ ಸೇರಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಪತ್ರಿಕೆ ಬಿಡಿಸಿ, ಒಬ್ಬರದನ್ನು ಇನ್ನೊಬ್ಬರು ತಿದ್ದಿ. ಗಣಿತದವರು ನಿಮಗೆ ಕಲಿಸಲಿ, ನೀವು ಅವರಿಗೆ ಕನ್ನಡ ವ್ಯಾಕರಣ ಕಲಿಸಿ.

ಪ್ರಶ್ನೆ (ಕುಷ್ಟಗಿಯ ಸದಸ್ಯೆ): ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕಿಯಾಗಿ ಸೇರಿದರೆ ಮುಂದೆ ಪ್ರಯೋಜನವಿದೆಯೇ?

ಉತ್ತರ: ಅದರಿಂದ ಹುದ್ದೆ ಕಾಯಂ ಆಗುತ್ತದೆ ಎಂಬ ಆಸೆ ಇಟ್ಟುಕೊಂಡು ಸೇರಬೇಡಿ. ಗೌರವಧನ ಕಡಿಮೆ, 2025-26ರ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಿಸಿದ ಮೇಲೂ ಒಂದು ಸಂಸಾರ ನಡೆಸಲು ಅದು ಸಾಲದು, ಬರುವುದೂ ತಡವಾಗುತ್ತದೆ. ಆದರೆ ಸರ್ಕಾರಿ ಶಾಲೆಯ ಮಕ್ಕಳು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ, ಬಿಸಿಯೂಟದ ಲೆಕ್ಕ, ಒಂದೇ ಕೋಣೆಯಲ್ಲಿ ಎರಡು ತರಗತಿ ಕೂರಿಸಿಕೊಂಡು ಕಲಿಸುವ ರೀತಿ, ಇವೆಲ್ಲ ಅಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಮನೆಯವರ ಆಸರೆ ಒಂದೆರಡು ವರ್ಷ ಇದ್ದರೆ ಖಂಡಿತ ಸೇರಿ. ಮೇ ಕೊನೆಯ ವಾರದಲ್ಲಿಯೇ ನಿಮ್ಮ ಸುತ್ತಮುತ್ತಲ ಶಾಲೆಗಳ ಮುಖ್ಯ ಶಿಕ್ಷಕರನ್ನು ಕಂಡು, ಯಾವ ವಿಷಯದ ಹುದ್ದೆ ಖಾಲಿ ಇದೆ ಎಂದು ವಿಚಾರಿಸಿ, ಅಂಕಪಟ್ಟಿಗಳ ನಕಲಿನೊಂದಿಗೆ ಅರ್ಜಿ ಕೊಟ್ಟುಬನ್ನಿ. ಶೈಕ್ಷಣಿಕ ವರ್ಷ ಮುಗಿದ ದಿನ, ಎಷ್ಟು ತಿಂಗಳು ಯಾವ ತರಗತಿಗೆ ಪಾಠ ಮಾಡಿದಿರಿ ಎಂಬ ಅನುಭವ ಪತ್ರವನ್ನು ಮುಖ್ಯ ಶಿಕ್ಷಕರ ಸಹಿ ಮತ್ತು ಮೊಹರಿನೊಂದಿಗೆ ತಪ್ಪದೆ ಪಡೆಯಿರಿ. ಅವರಿಗೆ ವರ್ಗಾವಣೆಯಾದ ಮೇಲೆ ಅದನ್ನು ಪಡೆಯುವುದು ಬಹಳ ಕಷ್ಟ.