ಸಹಾಯ ಬೇಕು: ಜಾಹೀರಾತು ವೆಚ್ಚದ ಕಂಪನಿ ಪಾಲಿಗೆ ಜಿಎಸ್‌ಟಿ ಬಿಲ್ ಹಾಕಬೇಕೇ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಫ್ಯಾನ್, ಮಿಕ್ಸಿ ಅಂಗಡಿಯಿದೆ. ದೀಪಾವಳಿಗೆ ಕಂಪನಿಯ ಹೆಸರಿನ ಜೊತೆಗೆ ನಮ್ಮ ಅಂಗಡಿಯ ಹೆಸರನ್ನೂ ಸೇರಿಸಿ ಹೋರ್ಡಿಂಗ್ ಹಾಕಿಸಿದರೆ ಅರ್ಧ ವೆಚ್ಚವನ್ನು ತಾವೇ ಭರಿಸುವುದಾಗಿ ಕಂಪನಿಯವರು ಇಮೇಲ್‌ನಲ್ಲಿ ತಿಳಿಸಿದ್ದರು. ಅದರಂತೆ ನಾನು 60,000 ರೂಪಾಯಿ ಮತ್ತು ಶೇ. 18ರ ಜಿಎಸ್‌ಟಿ 10,800 ರೂಪಾಯಿ ಕೊಟ್ಟು ಹಾಕಿಸಿ, ಬಿಲ್ಲು, ಫೋಟೊಗಳನ್ನು ಕಳುಹಿಸಿದೆ.

ಈಗ ಅವರು ಜಿಎಸ್‌ಟಿ ಇಲ್ಲದ 30,000 ರೂಪಾಯಿಯ ಕ್ರೆಡಿಟ್ ನೋಟ್ (ಅಷ್ಟು ಹಣವನ್ನು ನಮ್ಮ ಲೆಕ್ಕಕ್ಕೆ ಜಮಾ ಮಾಡಿದ ಪತ್ರ) ಕಳುಹಿಸಿ, ಇದು ಕೇವಲ ರಿಯಾಯಿತಿ ಎನ್ನುತ್ತಿದ್ದಾರೆ. ನಮ್ಮ ಆಡಿಟರ್ ಒಪ್ಪುತ್ತಿಲ್ಲ. 2025ರ ಸೆಪ್ಟೆಂಬರ್ 12ರ ಕೇಂದ್ರ ಸುತ್ತೋಲೆಯ ಪ್ರಕಾರ, ಮಾರಾಟದ ನಂತರ ಕೊಡುವ ಸಾಮಾನ್ಯ ರಿಯಾಯಿತಿ ಪ್ರಚಾರ ಸೇವೆಯ ಪ್ರತಿಫಲವಾಗುವುದಿಲ್ಲ. ಆದರೆ ನಿರ್ದಿಷ್ಟ ಪ್ರಚಾರ ಕೆಲಸಕ್ಕೆ ಸ್ಪಷ್ಟ ಒಪ್ಪಂದವೂ ನಿಗದಿತ ಪ್ರತಿಫಲವೂ ಇದ್ದರೆ ತೆರಿಗೆ ಬೀಳುತ್ತದೆ. ಹಾಗಾಗಿ 30,000 ರೂಪಾಯಿಗೆ ಜಿಎಸ್‌ಟಿ 5,400 ರೂಪಾಯಿ ಸೇರಿಸಿ ನಾನೇ ಕಂಪನಿಗೆ ಇನ್‌ವಾಯ್ಸ್ ಕೊಡಬೇಕೆಂದು ಆಡಿಟರ್ ಅಭಿಪ್ರಾಯ. ಕಂಪನಿಯ ವಿತರಕರಿಗೆ ಮೂರು ಬಾರಿ ಫೋನ್ ಮಾಡಿದರೂ ಲಿಖಿತ ಉತ್ತರ ಬಂದಿಲ್ಲ. ಮುಂದೆ ನೋಟಿಸ್ ಬಂದರೆ ಬಡ್ಡಿ ಸಹಿತ ಕಟ್ಟಬೇಕಾದವನು ನಾನು ಎಂಬುದೇ ನನ್ನ ಆತಂಕ.

ಇಂತಹ ಇಮೇಲ್ ಅನ್ನು ಸ್ಪಷ್ಟ ಒಪ್ಪಂದವೆಂದು ಪರಿಗಣಿಸಲಾಗುತ್ತದೆಯೇ? ಹೌದಾದರೆ, ಈಗಾಗಲೇ ಬಂದಿರುವ ಕ್ರೆಡಿಟ್ ನೋಟನ್ನು ರದ್ದು ಮಾಡಿಸಿ ಇನ್‌ವಾಯ್ಸ್ ಕಳುಹಿಸಿದ ಡೀಲರ್‌ಗಳು ಯಾರಾದರೂ ಇದ್ದರೆ, ಯಾವ ಕ್ರಮದಲ್ಲಿ ಮಾಡಿದಿರೆಂದು ದಯವಿಟ್ಟು ತಿಳಿಸಿ.